ಹಂಪಿಯ ಸಂರಕ್ಷಣೆ: ಲೋಕದ ಕಾವಲು, ಊರಿನ ಪಾಲು



2017ರಿಂದ ಚಲಾವಣೆಯಲ್ಲಿರುವ ಐವತ್ತು ರೂಪಾಯಿಯ ನೋಟಿನ ಹಿಂಬದಿಯನ್ನು ಒಮ್ಮೆ ನೋಡಿ. ಅಲ್ಲಿ ಹಂಪಿಯ ಕಲ್ಲಿನ ರಥವಿದೆ. ಕಾಶ್ಮೀರದ ವ್ಯಾಪಾರಿಯ ಜೇಬಿನಲ್ಲಿಯೂ ಕನ್ಯಾಕುಮಾರಿಯ ಮೀನುಗಾರನ ಜೇಬಿನಲ್ಲಿಯೂ ಇಂದು ಹಂಪಿ ಇದೆ. ಅದಕ್ಕೂ ಮೂರು ದಶಕಗಳ ಹಿಂದೆ, 1986ರಲ್ಲಿ, ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ಹಂಪಿಯ ಸ್ಮಾರಕ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ಹಂಪಿ ಹೊಸಪೇಟೆಯವರದ್ದು, ಕರ್ನಾಟಕದವರದ್ದು ಮಾತ್ರವಲ್ಲ, ಇಡೀ ಮನುಕುಲದ ಆಸ್ತಿ ಎಂದು ಲೋಕ ಒಪ್ಪಿಕೊಂಡಿತು.

ಇದು ಹೆಮ್ಮೆಯ ಸಂಗತಿ, ನಿಜ. ಆದರೆ ಇತಿಹಾಸದ ವಿದ್ಯಾರ್ಥಿಗಳು ಹೆಮ್ಮೆಪಟ್ಟು ಸುಮ್ಮನಾಗಬಾರದು, ಪ್ರಶ್ನೆಯನ್ನೂ ಕೇಳಬೇಕು. ಒಂದು ಊರು ಲೋಕದ ಆಸ್ತಿಯಾದಾಗ ಅಲ್ಲಿ ಬಾಳುವವರ ಪಾಲೇನು? ಹೊರಗಿನವರ ನೆರವು ಹಂಪಿಗೆ ಏನು ಕೊಟ್ಟಿತು, ಎಲ್ಲಿ ಸೋತಿತು? ಈ ಲೇಖನದಲ್ಲಿ ಈ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಟ್ಟು ಯೋಚಿಸಲು ಬಯಸುತ್ತೇನೆ.

ಮೊದಲಿನಿಂದಲೂ ಲೋಕದೊಡನೆ ನಂಟು

ಹಂಪಿಯ ಕಥೆ ಹಂಪಿಯಿಂದ ಆರಂಭವಾಗುವುದಿಲ್ಲ. ಅದೇ ತುಂಗಭದ್ರೆಯ ದಂಡೆಯಲ್ಲಿ, ಸ್ವಲ್ಪ ಕೆಳಕ್ಕೆ, ಕಂಪ್ಲಿ ಎಂಬ ಊರಿದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಅದು ಕಂಪಿಲದೇವನ ರಾಜ್ಯಕ್ಕೆ ಹೆಸರು ಕೊಟ್ಟ ಊರು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು ಸೋತು, ಓಡಿ ಬಂದು ಕಂಪಿಲದೇವನ ಆಶ್ರಯ ಬೇಡಿದ. ಮೊರೆಹೊಕ್ಕವನನ್ನು ಬಿಟ್ಟುಕೊಡಲು ಕಂಪಿಲದೇವ ಒಪ್ಪಲಿಲ್ಲ. ಅತಿಥಿಯನ್ನು ಬೇರೆಡೆಗೆ ಕಳುಹಿಸಿಕೊಟ್ಟು ತಾನು 1327ರ ಸುಮಾರಿಗೆ ಯುದ್ಧದಲ್ಲಿ ಮಡಿದ. ಈ ಘಟನೆಯನ್ನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಜನಪದರು ಕುಮಾರರಾಮನ ಹಾಡಿನಲ್ಲಿ ನೆನಪಿಟ್ಟುಕೊಂಡ ಮನೆತನವನ್ನು ದೂರದ ಒಬ್ಬ ಅರಬ್ಬಿ ಲೇಖಕನೂ ದಾಖಲಿಸಿದ್ದಾನೆ ಎಂಬುದನ್ನು ಗಮನಿಸಿ.

ಆನಂತರ 1336ರಿಂದ ಬೆಳೆದ ವಿಜಯನಗರಕ್ಕೆ ಲೋಕವೇ ಬಂದು ಹೋಯಿತು. ಇಟಲಿಯ ನಿಕೊಲೊ ಕೊಂಟಿ 1420ರ ಸುಮಾರಿಗೆ ಬಂದ. 1443ರಲ್ಲಿ ಹಿರಾತ್ ನಗರದಿಂದ ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಅಬ್ದುಲ್ ರಜಾಕ್ ಬಂದು, ಒಂದರೊಳಗೊಂದು ಏಳು ಕೋಟೆಗಳಿದ್ದ ನಗರವನ್ನು ಪಾರ್ಸಿಯಲ್ಲಿ ವರ್ಣಿಸಿದ. 1520ರ ಸುಮಾರಿಗೆ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್, ಆಮೇಲೆ ನ್ಯೂನಿಜ್ ಬಂದರು.

ಬಂದವರಷ್ಟೇ ಅಲ್ಲ, ಇದ್ದವರೂ ಹಲವರು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ರಾಯನ ಪುಣ್ಯಕ್ಕಾಗಿ ಒಂದು ಧರ್ಮಶಾಲೆಯನ್ನು ಕಟ್ಟಿಸಿದ. ಅದನ್ನು ಹೇಳುವ ಶಾಸನ ಕನ್ನಡದಲ್ಲಿದೆ. ಕಂಬ ತೊಲೆಗಳ ಮಂಟಪದಂತೆ ಕಾಣುವ ಆ ಕಟ್ಟಡವನ್ನು ವಿದ್ವಾಂಸರು ಮಸೀದಿಯೆಂದು ಗುರುತಿಸಿದ್ದಾರೆ. ಪಕ್ಕದಲ್ಲಿಯೇ ಗುಮ್ಮಟದ ಗೋರಿಯಿದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದಲ್ಲಿಯೂ ಬಹಮನಿ ಶೈಲಿಯ ಎರಡು ಗೋರಿಗಳು ನಿಂತಿವೆ. ಕಮಲ ಮಹಲಿನ ಕಮಾನುಗಳನ್ನು, ಆನೆಲಾಯದ ಗುಮ್ಮಟಗಳನ್ನು ನೋಡಿದವರಿಗೆ ಈ ನಗರದ ಶಿಲ್ಪಿಗಳು ಒಂದೇ ಸಂಪ್ರದಾಯಕ್ಕೆ ಕಟ್ಟುಬಿದ್ದವರಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಹೀಗೆ ನಾನಾ ನಾಡಿನವರ, ನಾನಾ ಮತದವರ ಕೈಯಿಂದ ಬೆಳೆದ ನಗರವನ್ನು ಉಳಿಸುವ ಕೆಲಸವೂ ನಾನಾ ಕೈಗಳ ಕೆಲಸವಾದುದರಲ್ಲಿ ಆಶ್ಚರ್ಯವಿಲ್ಲ.

ಕಾಗದದಲ್ಲಿ ಉಳಿದ ನಗರ

1565ರ ಯುದ್ಧದ ನಂತರ ರಾಜಧಾನಿ ಪಾಳುಬಿತ್ತು. ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಆನೆಗೊಂದಿಯಲ್ಲಿ ಜನರು ಬಾಳಿದರು, ಕಾಲುವೆಗಳಲ್ಲಿ ನೀರು ಹರಿಯಿತು. ಆದರೆ ಹೊರಗಿನ ಲೋಕ ನಗರವನ್ನು ಬಹುಮಟ್ಟಿಗೆ ಮರೆಯಿತು. ಮರೆತದ್ದನ್ನು ನೆನಪಿಸಿದ್ದು ಮೊದಲು ಕಾಗದ. 1799ರಲ್ಲಿ ಕಾಲಿನ್ ಮೆಕೆಂಜಿ ಈ ಅವಶೇಷಗಳ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಛಾಯಾಚಿತ್ರಗಳನ್ನು ತೆಗೆದ. ಪಾಯೆಸ್ ಮತ್ತು ನ್ಯೂನಿಜರ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ದೊರೆತು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. ಅವುಗಳನ್ನು ಆಧರಿಸಿ ಮದ್ರಾಸ್ ಆಡಳಿತದ ಅಧಿಕಾರಿ ರಾಬರ್ಟ್ ಸಿವೆಲ್ 1900ರಲ್ಲಿ ವಿಜಯನಗರದ ಇತಿಹಾಸವನ್ನು ಪ್ರಕಟಿಸಿದ. ಪಾರ್ಸಿ, ಪೋರ್ಚುಗೀಸ್, ಇಂಗ್ಲಿಷ್, ಕನ್ನಡ, ತೆಲುಗು, ಸಂಸ್ಕೃತ, ಇಷ್ಟು ಭಾಷೆಗಳ ಆಧಾರಗಳು ಕೂಡಿದಾಗಲೇ ನಮ್ಮೂರಿನ ಚರಿತ್ರೆ ಪೂರ್ತಿಯಾಗುತ್ತದೆ.

ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ಮತ್ತೆ ನಿಂತು ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ 1983ರಲ್ಲಿ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ 127 ವರ್ಷಗಳಲ್ಲಿ ಯಾವ ಗೋಪುರ ಕುಸಿಯಿತು, ಯಾವ ಕಂಬ ಉಳಿಯಿತು ಎಂದು ಹೇಳಬಹುದು. ಸಂರಕ್ಷಣೆಯ ಮೊದಲ ಪಾಠ ಇದೇ: ಏನಿತ್ತು ಎಂದು ಗೊತ್ತಿಲ್ಲದಿದ್ದರೆ ಏನು ಹೋಯಿತು ಎಂದೂ ಗೊತ್ತಾಗುವುದಿಲ್ಲ.

ಅಳತೆಪಟ್ಟಿ ಹಿಡಿದು ಬಂದವರು

ಸ್ವಾತಂತ್ರ್ಯಾನಂತರ 1970ರ ದಶಕದ ನಡುವಿನಲ್ಲಿ ಭಾರತ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆ ಮತ್ತು ರಾಜ್ಯದ ಪುರಾತತ್ವ ಇಲಾಖೆ ಹಂಪಿಯಲ್ಲಿ ದೊಡ್ಡ ಪ್ರಮಾಣದ ಉತ್ಖನನ ಆರಂಭಿಸಿದವು. ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿ ಮಣ್ಣಿನಿಂದ ಮೇಲೆದ್ದದ್ದು 1980ರ ದಶಕದಲ್ಲಿ. ಅದೇ ಕಾಲಕ್ಕೆ ರಾಜ್ಯದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಸ್. ನಾಗರಾಜರಾವ್ ಅವರ ಆಹ್ವಾನದ ಮೇರೆಗೆ ಅಮೆರಿಕದ ಜಾನ್ ಫ್ರಿಟ್ಜ್ ಮತ್ತು ಆಸ್ಟ್ರೇಲಿಯ ಮೂಲದ ಜಾರ್ಜ್ ಮಿಷೆಲ್ 1980ರಲ್ಲಿ ಹಂಪಿಗೆ ಬಂದರು. ಸುಮಾರು ಎರಡು ದಶಕ ಪ್ರತಿ ಚಳಿಗಾಲದಲ್ಲಿ ಪಾಳುಗಳ ನಡುವೆ ಬಿಡಾರ ಹೂಡಿ, ದೇಶ ವಿದೇಶಗಳ ವಿದ್ಯಾರ್ಥಿಗಳೊಡನೆ ಗೋಡೆ, ಬಾಗಿಲು, ಬೀದಿ, ತೊಟ್ಟಿಗಳನ್ನು ಅಳೆದು ನಕ್ಷೆ ಬರೆದರು. 1987ರಿಂದ ಹತ್ತು ವರ್ಷ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ನಗರದ ಹೊರವಲಯದ ಹೊಲ, ಕೆರೆ, ದಾರಿಗಳನ್ನು ಸಮೀಕ್ಷೆ ಮಾಡಿದರು.

ಇದರಿಂದ ನಮಗೆ ಏನು ಲಾಭವಾಯಿತು ಎಂದು ನೀವು ಕೇಳಬಹುದು. ದೇವಾಲಯ, ಅರಮನೆಗಳನ್ನು ಮಾತ್ರ ಸ್ಮಾರಕವೆಂದು ನೋಡುತ್ತಿದ್ದ ಕಣ್ಣಿಗೆ ಕೋಟೆ, ಕಾಲುವೆ, ಪೇಟೆ, ವಸತಿ ಸೇರಿದ ಇಡೀ ನಗರ ಕಾಣುವಂತಾಯಿತು. ಇಂದು ಯುನೆಸ್ಕೋ ದಾಖಲೆಯಲ್ಲಿ ಹಂಪಿಯಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳನ್ನು ಲೆಕ್ಕ ಹಾಕಲಾಗಿದೆ. ಅಳತೆ ಇದ್ದರೆ ಮಾತ್ರ ಒತ್ತುವರಿಯನ್ನು ಗುರುತಿಸಬಹುದು, ಬಿದ್ದ ಕಲ್ಲನ್ನು ಇದ್ದ ಜಾಗದಲ್ಲಿ ಇಡಬಹುದು. ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ವಿದೇಶೀಯರು ತಾವಾಗಿ ಬಂದು ಆಳಲಿಲ್ಲ, ನಮ್ಮ ಇಲಾಖೆ ಕರೆದಿದ್ದರಿಂದ ಬಂದು ಜೊತೆಗೆ ದುಡಿದರು. ಆದ್ದರಿಂದಲೇ ಆ ಕೆಲಸ ಬಾಳಿತು.

ಅಬು ಸಿಂಬೆಲಿನಿಂದ ಹಂಪಿಯವರೆಗೆ

ಲೋಕದ ಪಟ್ಟಿ ಎಂಬುದು ಹುಟ್ಟಿದ್ದಾದರೂ ಹೇಗೆ? ಈಜಿಪ್ಟ್ ದೇಶ ನೈಲ್ ನದಿಗೆ ಅಸ್ವಾನ್ ಬಳಿ ದೊಡ್ಡ ಅಣೆಕಟ್ಟು ಕಟ್ಟಲು ಹೊರಟಾಗ ಅಬು ಸಿಂಬೆಲ್ ಮೊದಲಾದ ಪ್ರಾಚೀನ ದೇಗುಲಗಳು ಮುಳುಗುವ ಸ್ಥಿತಿ ಬಂತು. 1960ರಲ್ಲಿ ಯುನೆಸ್ಕೋ ಲೋಕದ ಮುಂದೆ ಮನವಿ ಇಟ್ಟಿತು. ಸುಮಾರು 50 ದೇಶಗಳು ಹಣ ಕೊಟ್ಟವು. 1964ರಿಂದ 1968ರವರೆಗೆ ಅಬು ಸಿಂಬೆಲಿನ ಬೆಟ್ಟದ ದೇಗುಲವನ್ನು ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರ್ ಎತ್ತರಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ಮುಸ್ಲಿಂ ಬಹುಸಂಖ್ಯಾತ ದೇಶವೊಂದು ತನ್ನ ನೆಲದ ಫರೋಗಳ ಕಾಲದ ದೇಗುಲಗಳನ್ನು ಉಳಿಸಲು ಲೋಕದ ನೆರವನ್ನು ಕೋರಿದ್ದು, ಲೋಕ ಕೈಗೂಡಿಸಿದ್ದು ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಘಟನೆ. ಆ ಅನುಭವದಿಂದಲೇ 1972ರ ವಿಶ್ವ ಪರಂಪರೆ ಒಪ್ಪಂದ ಮೂಡಿತು. ಭಾರತ ಅದಕ್ಕೆ 1977ರಲ್ಲಿ ಒಪ್ಪಿಗೆ ನೀಡಿತು.

ಈ ಒಪ್ಪಂದದಲ್ಲಿ ಗೌರವವೂ ಇದೆ, ಹೊಣೆಯೂ ಇದೆ. ತಾಣದ ಒಡೆತನ ಆಯಾ ದೇಶದ್ದೇ. ಯುನೆಸ್ಕೋಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಅದರ ಕೈಯಲ್ಲಿರುವುದು ತಜ್ಞರ ಸಲಹೆ, ಸ್ವಲ್ಪ ಹಣ ಮತ್ತು ಲೋಕದ ಮುಂದೆ ಎಚ್ಚರಿಸುವ ಮಾತು. ಆ ಮಾತಿನ ಬಲವೆಷ್ಟು ಎಂಬುದನ್ನು ಹಂಪಿ 1999ರಲ್ಲಿ ಕಂಡಿತು.

ಎರಡು ಸೇತುವೆಗಳ ಕಥೆ

ತುಂಗಭದ್ರೆಯ ಆಚೆ ದಡದ ಆನೆಗೊಂದಿಗೆ ಹಂಪಿ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಹೊಳೆ ತುಂಬಿದರೆ ಬಹಳ ದೂರ. ಹರಿಗೋಲು ನಿಂತರೆ ಸುತ್ತುಹಾಕಿ ಹೋಗಬೇಕು. ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ಅದೇ ಪಾಡು. ಆದ್ದರಿಂದ ತಳವಾರಘಟ್ಟದ ಬಳಿ ವಾಹನಗಳಿಗೆ ಒಂದು ಸೇತುವೆ, ವಿರೂಪಾಪುರ ಗಡ್ಡೆಗೆ ಒಂದು ಕಾಲ್ಸೇತುವೆ ಕಟ್ಟುವ ಕೆಲಸ ಆರಂಭವಾಯಿತು. ಜನರ ಬೇಡಿಕೆ ನ್ಯಾಯವಾದುದೇ ಆಗಿತ್ತು. ಆದರೆ ಆರಿಸಿದ ಜಾಗ ಸ್ಮಾರಕಗಳ ನಡುವೆ ಇತ್ತು. ಭಾರವಾಹನಗಳು ಹಳೆಯ ಹೆಬ್ಬಾಗಿಲುಗಳ ಮೂಲಕ, ಮಂಟಪಗಳ ಪಕ್ಕದಲ್ಲಿ ಓಡಾಡಬೇಕಾಗುತ್ತಿತ್ತು.

1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತಜ್ಞರು ಬಂದರು, ಸರ್ಕಾರದೊಡನೆ ಮಾತುಕತೆಗಳಾದವು. ಕಾಲ್ಸೇತುವೆಯನ್ನು ಕಳಚಲಾಯಿತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ 2002ರ ಅಧಿನಿಯಮ ಬಂತು. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯ ಪ್ರೊ. ನಳಿನಿ ಠಾಕೂರ್ ಅವರ ನೇತೃತ್ವದಲ್ಲಿ ಸಮಗ್ರ ನಿರ್ವಹಣಾ ಯೋಜನೆ ಸಿದ್ಧವಾಯಿತು. ಬಿಡಿ ಸ್ಮಾರಕಗಳ ಬದಲು ಹೊಳೆ, ಬೆಟ್ಟ, ಹೊಲ, ಹಳ್ಳಿಗಳೆಲ್ಲ ಸೇರಿದ ಪ್ರದೇಶವನ್ನು ಒಂದಾಗಿ ನೋಡುವ ಯೋಜನೆ ಅದು. 2006ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. 2012ರಲ್ಲಿ ತಾಣದ ಗಡಿಯನ್ನು ಸುಮಾರು 41.8 ಚದರ ಕಿಲೋಮೀಟರೆಂದು ಸ್ಪಷ್ಟಪಡಿಸಿ, ಸುತ್ತ ಅದಕ್ಕೂ ಹಲವು ಪಟ್ಟು ದೊಡ್ಡ ರಕ್ಷಣಾ ವಲಯವನ್ನು ಗುರುತಿಸಲಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ವರ್ಷಗಟ್ಟಲೆ ನಿಂತು, ಮತ್ತೆ ಆರಂಭವಾದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿ ನಡೆಯುತ್ತಿರುವಾಗಲೇ ಕುಸಿದು ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆಮೇಲೆ ನದಿಯ ಕೆಳಭಾಗದಲ್ಲಿ, ಸ್ಮಾರಕಗಳಿಂದ ದೂರಕ್ಕೆ, ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಸೇತುವೆಯಾಯಿತು. ಓದುಗರೇ, ಯೋಚಿಸಿ. ಜಾಗವನ್ನು ಆರಿಸುವ ಮೊದಲೇ ಪುರಾತತ್ವಜ್ಞರನ್ನೂ ಎಂಜಿನಿಯರುಗಳನ್ನೂ ಆನೆಗೊಂದಿಯ ರೈತರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ ಕೇಳಿದ್ದರೆ, ಜನರಿಗೆ ಸೇತುವೆ ಎಷ್ಟು ವರ್ಷ ಮೊದಲೇ ಸಿಗುತ್ತಿತ್ತು!

ಬಜಾರಿನ ಬೀದಿ

ಇನ್ನೊಂದು ನೋವಿನ ಅಧ್ಯಾಯ ಹಂಪಿ ಬಜಾರಿನದು. ವಿರೂಪಾಕ್ಷ ದೇವಾಲಯದ ಎದುರಿನ ಸಾಲುಮಂಟಪಗಳಲ್ಲಿ ಹಲವು ಕುಟುಂಬಗಳು ದಶಕಗಳಿಂದ ವಾಸವಾಗಿದ್ದವು. ಅಂಗಡಿ, ಖಾನಾವಳಿ, ಸಣ್ಣ ವಸತಿಗೃಹಗಳನ್ನು ನಡೆಸುತ್ತಿದ್ದವು. ಮಂಟಪದ ಕಂಬಗಳಿಗೆ ಸಿಮೆಂಟು ಗೋಡೆಗಳು ಅಂಟಿಕೊಂಡಿದ್ದು ನಿಜ, ಸ್ಮಾರಕಕ್ಕೆ ಧಕ್ಕೆಯಾಗುತ್ತಿದ್ದುದೂ ನಿಜ. ಉಚ್ಚ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ 2011ರ ಜುಲೈ ಕೊನೆಯಲ್ಲಿ ಅವುಗಳನ್ನು ಯಂತ್ರಗಳಿಂದ ಕೆಡವಲಾಯಿತು. ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ತೋರಿಸಲಾಯಿತು. ಆದರೆ ಯಾತ್ರಿಕರನ್ನು ನಂಬಿದ ಬದುಕು ಯಾತ್ರಿಕರಿಲ್ಲದ ಜಾಗಕ್ಕೆ ಸುಲಭವಾಗಿ ಸಾಗುವುದಿಲ್ಲ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನೂ ತೆರವುಗೊಳಿಸಲಾಯಿತು.

ಕಾನೂನಿನ ಮಾತು ಬೇರೆ, ಅದನ್ನು ನಾವು ಗೌರವಿಸಬೇಕು. ಇತಿಹಾಸದ ಮಾತು ಇನ್ನೊಂದಿದೆ. ಆ ಬೀದಿಯನ್ನು ವಿಜಯನಗರದ ಕಾಲದಲ್ಲಿ ಕಟ್ಟಿದ್ದು ಜನರು ಕೊಳ್ಳಲು, ಮಾರಲು, ಸೇರಲು. ಕಲ್ಲು ಉಳಿದು ಬೀದಿಯ ಬಾಳುವೆ ಹೋದರೆ ಪರಂಪರೆಯ ಅರ್ಧ ಮಾತ್ರ ಉಳಿದಂತೆ. ಕಲ್ಲು ಹಾಳಾಗಿ ಅಂಗಡಿ ಮಾತ್ರ ಉಳಿದರೆ ಆ ಅರ್ಧವೂ ಇಲ್ಲ. ಇವೆರಡನ್ನೂ ಹೊಂದಿಸುವುದೇ ಇಂದು ಸುಸ್ಥಿರ ಅಭಿವೃದ್ಧಿ ಎಂದು ಕರೆಯುವ ಕೆಲಸ. ಅದು ಕಷ್ಟದ ಕೆಲಸ, ಆದರೆ ಅಸಾಧ್ಯವಲ್ಲ.

ದೆಹಲಿಯ ಒಂದು ಉದಾಹರಣೆ ನೋಡಿ. ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಪುರಾತತ್ವ ಇಲಾಖೆಯೊಡನೆ ಹುಮಾಯೂನನ ಸಮಾಧಿಯ ಉದ್ಯಾನವನ್ನು 2003ರಲ್ಲಿ ಪುನರುಜ್ಜೀವನಗೊಳಿಸಿತು, ಸಮಾಧಿಯ ಸಂರಕ್ಷಣೆಯನ್ನು 2013ರಲ್ಲಿ ಮುಗಿಸಿತು. ಆದರೆ ಕಟ್ಟಡಕ್ಕೆ ಮಾತ್ರ ಗಮನ ಕೊಡಲಿಲ್ಲ. 2007ರಿಂದ ಪಕ್ಕದ ನಿಜಾಮುದ್ದೀನ್ ಬಸ್ತಿಯ ಶಾಲೆ, ಆರೋಗ್ಯ ಕೇಂದ್ರ, ಶೌಚಾಲಯ, ಉದ್ಯಾನ, ಹೆಂಗಸರ ಕಸೂತಿ ಕೆಲಸ, ಎಲ್ಲವನ್ನೂ ಅದೇ ಯೋಜನೆಯೊಳಗೆ ತಂದಿತು. ಗುಮ್ಮಟ ಮತ್ತು ಗಲ್ಲಿ ಎರಡೂ ಒಂದೇ ಲೆಕ್ಕದ ಪುಸ್ತಕದಲ್ಲಿ ಸೇರಿದವು.

ನೀರು, ನೂಲು, ನಾರು

ನಮ್ಮ ಭಾಗದಲ್ಲಿಯೂ ಇಂತಹ ಪ್ರಯತ್ನಗಳು ಇಲ್ಲದಿಲ್ಲ. ಮೊದಲನೆಯದು ನೀರು. ವಿಜಯನಗರದ ಅರಸರು ತೋಡಿಸಿದ ತುರ್ತಾ, ರಾಯ, ಬಸವ ಮೊದಲಾದ ಕಾಲುವೆಗಳು ಇಂದಿಗೂ ಹೊಸಪೇಟೆ, ಹಂಪಿ, ಕಂಪ್ಲಿ ಭಾಗದ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಅವು ಮ್ಯೂಸಿಯಂನ ವಸ್ತುಗಳಲ್ಲ, ದುಡಿಯುವ ಸ್ಮಾರಕಗಳು. ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ರಾಜ್ಯ ಸರ್ಕಾರ ವಿಜಯನಗರ ಕಾಲುವೆಗಳ ಆಧುನೀಕರಣವನ್ನು ಕೈಗೊಂಡಿದೆ. ನೀರಿನ ಸೋರಿಕೆ ತಪ್ಪಬೇಕು, ಕೊನೆಯ ಹೊಲಕ್ಕೂ ನೀರು ಮುಟ್ಟಬೇಕು. ಹಾಗೆಯೇ ಹಳೆಯ ಕಲ್ಲುಕಟ್ಟಡದ ಜಾಣ್ಮೆ ಕಾಂಕ್ರೀಟಿನಡಿ ಕಾಣೆಯಾಗಬಾರದು. ಇಂತಹ ಕೆಲಸಕ್ಕೆ ಎಂಜಿನಿಯರು ಮಾತ್ರ ಸಾಲದು, ಇತಿಹಾಸ ತಿಳಿದ ಎಂಜಿನಿಯರು ಬೇಕು.

ಎರಡನೆಯದು ನಾರು. ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಬಾಳೆಯ ನಾರಿನಿಂದ ಚೀಲ, ಬುಟ್ಟಿ ಹೆಣೆಯುವುದನ್ನು ಹಳ್ಳಿಯ ಹೆಂಗಸರಿಗೆ ಕಲಿಸಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಜೊತೆಗೂಡಿ ನಡೆಸಿದ ಗ್ರಾಮೀಣ ಪ್ರವಾಸೋದ್ಯಮ ಯೋಜನೆಯಲ್ಲಿ ಆನೆಗೊಂದಿಯೂ ಸೇರಿತ್ತು. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳಿಗೆ ಕೊಟ್ಟರೆ ಮನೆಯೂ ಉಳಿಯುತ್ತದೆ, ಒಲೆಯೂ ಉರಿಯುತ್ತದೆ ಎಂಬುದನ್ನು ಆ ಹಳ್ಳಿ ತೋರಿಸಿತು.

ಮೂರನೆಯದು ನೂಲು. ಸಂಡೂರಿನ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಕಬ್ಬಿಣದ ಅದಿರು. ಗಣಿಗಾರಿಕೆ ಮಿತಿಮೀರಿ ಬೆಟ್ಟಗಳು ಕರಗಿ, ಕೆಂಪು ಧೂಳು ಹೊತ್ತ ಲಾರಿಗಳು ಹೊಸಪೇಟೆಯ ರಸ್ತೆಗಳನ್ನು ತುಂಬಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. ಹಂಪಿ ಬಜಾರು ತೆರವಾದ ಅದೇ 2011ರ ಜುಲೈಯಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆಮೇಲೆ ಮಿತಿ ಹಾಕಿ ಮತ್ತೆ ಅನುಮತಿ ನೀಡಲಾಯಿತು. ಆದರೆ ಅದೇ ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿಯೂ ಇದೆ. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಪಡೆಯ ಮೂರನೆಯ ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದೇಶ ವಿದೇಶಗಳ ಪ್ರತಿನಿಧಿಗಳ ಮುಂದೆ ಅಂದು ನಿಂತದ್ದು ಅರಸರ ವೈಭವವೊಂದೇ ಅಲ್ಲ, ಸೂಜಿ ಹಿಡಿದ ಕೈಗಳೂ ಕೂಡ. ಅಗೆದಷ್ಟೂ ಅದಿರು ಮುಗಿಯುತ್ತದೆ. ಕಸೂತಿ ಹಾಗಲ್ಲ, ಮಗಳು ತಾಯಿಯಿಂದ ಕಲಿತಷ್ಟು ಕಾಲ ಅದು ಇರುತ್ತದೆ.

ನಮ್ಮ ಪಾಲು

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಿಂದ ನಾವು ಕಲಿಯಬೇಕಾದುದೇನು? ಹೊರಗಿನವರು ಹಂಪಿಯನ್ನು ಅಳೆದರು, ಬರೆದರು, ಎಚ್ಚರಿಸಿದರು, ಹಣವನ್ನೂ ತಂದರು. ಅವರ ನೆರವಿಲ್ಲದಿದ್ದರೆ ಹಂಪಿ ಇಂದಿನಷ್ಟು ಉಳಿದಿರುತ್ತಿರಲಿಲ್ಲ. ಆದರೆ ಊರಿನವರ ಜೊತೆ ಕುಳಿತು ಮಾತಾಡಿದಲ್ಲಿ ಮಾತ್ರ ಆ ನೆರವು ಫಲಿಸಿತು. ಮಾತಾಡದೆ ಆದೇಶವಾಗಿ ಬಂದಲ್ಲಿ ಜನರಿಗೆ ಸ್ಮಾರಕವೇ ಶತ್ರುವಾಗಿ ಕಂಡಿತು. ಊರಿನವರು ಮಾತಾಡಲು ಸಮರ್ಥರಾಗಬೇಕಾದರೆ ಊರಿನ ಮಕ್ಕಳು ಓದಬೇಕು.

2019ರ ಫೆಬ್ರವರಿಯಲ್ಲಿ ಯುವಕರು ಹಂಪಿಯ ದೇವಾಲಯದ ಕಂಬವೊಂದನ್ನು ತಳ್ಳಿ ಉರುಳಿಸುವ ದೃಶ್ಯ ಎಲ್ಲೆಡೆ ಹರಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿತು, ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸುವಂತೆ ಮಾಡಿತು. ಐದು ಶತಮಾನ ನಿಂತ ಕಂಬ ಬೀಳಲು ಒಂದು ನಿಮಿಷ ಸಾಕಾಯಿತು. ಅಲ್ಲಿ ಯುನೆಸ್ಕೋ ಏನು ಮಾಡಬಲ್ಲದು? ಪಕ್ಕದಲ್ಲಿದ್ದ ಗೆಳೆಯನೊಬ್ಬ "ಬೇಡ" ಎಂದಿದ್ದರೆ ಅಷ್ಟೇ ಸಾಕಿತ್ತು.

ಮಾಡಬೇಕಾದ ಕೆಲಸಗಳು ನಮ್ಮೆದುರಿಗಿವೆ. ಹಂಪಿಗೆ ಅಂಟಿಕೊಂಡೇ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಶಾಸನಶಾಸ್ತ್ರ, ಪುರಾತತ್ವ, ವಾಸ್ತುಶಿಲ್ಪ, ನೀರಾವರಿ, ಪ್ರವಾಸೋದ್ಯಮ ಈ ವಿಷಯಗಳತ್ತ ನಮ್ಮ ಮಕ್ಕಳು ಮುಖ ಮಾಡಬೇಕು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ವಿದ್ಯಾರ್ಥಿಗೆ ಒಂದು ವಿಶೇಷ ಅನುಕೂಲವಿದೆ. ಲಿಪಿ ಪರಿಚಯವಿರುವುದರಿಂದ ಆತ ಅಥವಾ ಆಕೆ ಸ್ವಲ್ಪ ಶ್ರಮಪಟ್ಟು ಪಾರ್ಸಿ ಕಲಿತರೆ, ಅಬ್ದುಲ್ ರಜಾಕನ ಬರಹವನ್ನು ಮೂಲದಲ್ಲಿ ಓದಿ, ಅಹ್ಮದ್ ಖಾನನ ಕನ್ನಡ ಶಾಸನದ ಪಕ್ಕದಲ್ಲಿಟ್ಟು ನೋಡಬಹುದು. ಇಂಗ್ಲಿಷ್ ಅನುವಾದವನ್ನೇ ನೆಚ್ಚಿ ಕೂರಬೇಕಾಗಿಲ್ಲ. ಹಂಪಿಯ ಚರಿತ್ರೆಗೆ ಅಂತಹ ವಿದ್ವಾಂಸರು ಬೇಕಾಗಿದ್ದಾರೆ.

ಇನ್ನು ಕಾಲೇಜು ಸೇರದವರೂ ಮಾಡಬಹುದಾದದ್ದಿದೆ. ಹೊಸಪೇಟೆಯ ಆಟೋ ಚಾಲಕ ಪ್ರವಾಸಿಗೆ ಅಹ್ಮದ್ ಖಾನನ ಧರ್ಮಶಾಲೆಯನ್ನೂ ತೋರಿಸಲಿ. ಕಂಪ್ಲಿಯ ಶಾಲೆಯ ಮೇಷ್ಟರು ಮಕ್ಕಳಿಗೆ ಕಂಪಿಲದೇವ ಕೊಟ್ಟ ಆಶ್ರಯದ ಕಥೆಯನ್ನು ಹೇಳಲಿ. ಗ್ರಾಮಸಭೆಯಲ್ಲಿ ಸೇತುವೆ, ರಸ್ತೆ, ಕಾಲುವೆಯ ವಿಷಯ ಬಂದಾಗ ನಕ್ಷೆಯನ್ನು ಬಿಡಿಸಿ ಓದಬಲ್ಲ ಹುಡುಗಿಯೊಬ್ಬಳು ಎದ್ದು ನಿಂತು ಪ್ರಶ್ನೆ ಕೇಳಲಿ.

ಮೊರೆಹೊಕ್ಕವನನ್ನು ಬಿಟ್ಟುಕೊಡಲಾರೆ ಎಂದ ಅರಸನ ನಾಡು ನಮ್ಮದು. ಹಂಪಿಯ ಕಲ್ಲುಗಳೂ ಅಲ್ಲಿನ ಬಡ ಕುಟುಂಬಗಳೂ ಇಂದು ನಮ್ಮ ಮೊರೆಹೊಕ್ಕಿವೆ. ಒಂದನ್ನು ಉಳಿಸಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿ ಬಾರದಂತೆ ನೋಡಿಕೊಳ್ಳುವುದು ಓದಿದವರ ಹೊಣೆ.